ಕೋಲು ಐದರದು, ಎಳೆ ಏಳರದು

ನಾನು ಕೀನ್ಯಾ ದೇಶಕ್ಕೆ ಹೋದದ್ದು ಸಿಂಹ ನೋಡಲಿಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಾಪಸು ಬಂದ ಮೇಲೆ ಬೆಟಗೇರಿಯಲ್ಲಿ ಎದುರಾದವರೆಲ್ಲ ಅದನ್ನೇ ಕೇಳಿ ನನ್ನ ತಲೆ ತಿಂದರು. ಸಿಂಹ ಕಾಣಲಿಲ್ಲ. ಆನೆಯೊಂದು ಕಂಡಿತು, ಅದೂ ದೂರದಲ್ಲಿ ಬೆನ್ನು ತೋರಿಸಿಕೊಂಡು ಹೋಯಿತು. ನಾನು ಹೋದದ್ದು ನನ್ನ ತಮ್ಮ ಮಲ್ಲುವನ್ನು ಕರೆತರಲಿಕ್ಕೆ.

ಬೆಟಗೇರಿ

ಮಲ್ಲು, ಅಂದರೆ ಮಲ್ಲಿಕಾರ್ಜುನ, ಕೀನ್ಯಾದ ನ್ಯೇರಿ ಎಂಬ ಊರಿನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ. ಎಪ್ಪತ್ತರ ದಶಕದಲ್ಲಿ ನಮ್ಮ ದೇಶದ ಎಷ್ಟೋ ಮಾಸ್ತರರು ಆಫ್ರಿಕಾಕ್ಕೆ ಹೋದರು, ಇವನೂ ಹೋದ. ಇತ್ತ ಬೆಟಗೇರಿಯಲ್ಲಿ ಅಪ್ಪನ ನೂಲಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದಿದ್ದೆ. ಅಪ್ಪನಿಗೆ ಲಕ್ವ ಹೊಡೆದಾಗ ಅಂಗಡಿಯ ಗಾದಿಯ ಮೇಲೆ ಕುಳಿತೆ, ಅಪ್ಪ ಹೋದ ಮೇಲೂ ಕುಳಿತೇ ಇದ್ದೆ. ಮಿಲ್ಲಿನ ಏಜಂಟರಿಗೆ ಬೆವರಿಳಿಸುವುದು, ನೇಕಾರರಿಗೆ ಬೇಕಾದ ನಂಬರಿನ ನೂಲು ಹೊಂದಿಸುವುದು, ಬಣ್ಣ ಬಿಟ್ಟ ನೂಲಿನ ಲಡಿಯನ್ನು ಕಳಿಸಿದವರ ಮುಖಕ್ಕೇ ವಾಪಸು ಕಳಿಸುವುದು, ಎಲ್ಲ ನನ್ನದೇ ಕಾರುಬಾರು. ಚೆನ್ನಾಗಿಯೇ ನಡೆಸಿದೆ. ಈ ಮಾತಿಗೆ ವಿನಯ ಬೇಕಿಲ್ಲ.

ಒಂದು ದಿನ ಲಕ್ಷ್ಮೇಶ್ವರದಿಂದ ಕಾಕಾ ಬಂದರು. ಅಪ್ಪನ ತಮ್ಮ, ಮನೆತನಕ್ಕೆ ಈಗ ಅವರೇ ಹಿರಿಯರು. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಶುರು ಮಾಡಿದರು.

"ಗಂಗವ್ವ, ಹೆಣ್ಣಮಗಳು ಎಷ್ಟ ದಿನ ಅಂತ ಗಾದಿ ಮ್ಯಾಲ ಕುಂಡ್ರತಿ? ಹೋಗಿ ಮಲ್ಲೂನ ಕರ್ಕೊಂಡ ಬಾ. ಅಂಗಡಿ ನೋಡಾಕ ಒಬ್ಬ ಗಂಡಸು ಬೇಕು."

"ಇಷ್ಟ ವರ್ಷ ಯಾರ ನೋಡಿದ್ರು ಕಾಕಾ?"

"ನೀ ನೋಡಿದಿ. ನಾ ಇಲ್ಲ ಅಂದ್ನೇನು? ಅವ ಬರೂದಿಲ್ಲಂದ್ರ ದೀಪಾವಳಿ ಪೂಜಾಕ್ಕ ನಮ್ಮ ಅಳಿಯನ್ನ ಕುಂಡ್ರಸೂಣು. ಗಾದಿ ಖಾಲಿ ಬಿಡಾಕ ಬರೂದಿಲ್ಲ."

ಖಾಲಿಯಂತೆ! ನಾನು ಆಗ ಅದರ ಮೇಲೇ ಕುಳಿತಿದ್ದೆ.

ಮಲ್ಲು ಬಂದರೆ ಅಂಗಡಿ ಅವನದು, ಬರದಿದ್ದರೆ ಕಾಕಾನ ಅಳಿಯನದು. ಹೇಗೆ ಲೆಕ್ಕ ಹಾಕಿದರೂ ನನ್ನ ಪಾಲಿಗೆ ಅಡುಗೆಮನೆ. "ಅಕ್ಕನೇ ನಡೆಸಲಿ" ಎಂದು ಮಲ್ಲು ಒಂದು ಮಾತು ಅಂದರೆ ಕಾಕಾನ ಬಾಯಿ ಮುಚ್ಚುತ್ತಿತ್ತು. ಆದರೆ ಹಾಗೆ ಅನ್ನು ಎಂದು ಅವನಿಗೆ ನಾನು ಹೇಳುವುದು ಹೇಗೆ? ಅವ್ವ ಸತ್ತಾಗ ಅವನಿನ್ನೂ ಸಣ್ಣವ, ಎತ್ತಿ ಆಡಿಸಿದವಳು ನಾನು. ಅವನ ಪಾಲಿನದಕ್ಕೆ ನಾನೇ ಕೈ ಚಾಚುವುದೆ? ಊರೆಲ್ಲ ಹೆದರುವ ನನ್ನ ಬಾಯಿಗೆ ಅದೊಂದು ಮಾತು ಬರಲಿಲ್ಲ. ಅದಕ್ಕೇ ಹೊರಟೆ, ಅವನನ್ನು ಕರೆಯಲಿಕ್ಕೆ ಮತ್ತು ಅವನು ಬರದಿರಲಿ ಎಂದು ಬೇಡಿಕೊಳ್ಳುತ್ತ.

ನೈರೋಬಿ

ಗದಗಿನಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಮುಂಬೈ, ಅಲ್ಲಿಂದ ವಿಮಾನ. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಹುಬ್ಬಳ್ಳಿಯ ಬಸ್ಸಿಗಿಂತ ಕಡಿಮೆ ಕುಲುಕುತ್ತದೆ, ಆದರೆ ಕಿಟಕಿ ತೆಗೆಯಲು ಬಿಡುವುದಿಲ್ಲ.

ನೈರೋಬಿಯಲ್ಲಿ ಇಳಿದಾಗ ಕಸ್ಟಮ್ಸಿನವನು ನನ್ನ ಗಂಟು ಬಿಚ್ಚಿಸಿದ. ಒಳಗೆ ಕಡಕ್ ರೊಟ್ಟಿಯ ದೊಡ್ಡ ಅಡಕಲು. ಬೆರಳಿನಿಂದ ತಟ್ಟಿದ, ಟಣ್ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ತಟ್ಟಿದ. ಇದು ತಿನ್ನುವ ವಸ್ತು ಎಂದರೆ ಇಬ್ಬರೂ ನಂಬಲೊಲ್ಲರು. ನಾನು ಒಂದು ರೊಟ್ಟಿ ಮುರಿದು ಖಾರದ ಶೇಂಗಾ ಚಟ್ನಿಪುಡಿ ಹಾಕಿ ಕೈಗೆ ಕೊಟ್ಟೆ. ಮೊದಲನೆಯವನು ತಿಂದ, ಕಣ್ಣಲ್ಲಿ ನೀರು ತಂದುಕೊಂಡ, ಮತ್ತೆ ಕೈ ಚಾಚಿದ. ತಪಾಸಣೆ ಮುಗಿಯಿತೆಂದು ಗಂಟಿನ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ನನಗೆ ಅಲ್ಲಿಯ ಭಾಷೆ ಒಂದಕ್ಷರ ಬರದಿದ್ದರೂ ಬದುಕಿದೆ.

ಹೊರಗೆ ಮಲ್ಲು ನಿಂತಿದ್ದ. ಕೈಯಲ್ಲಿ ಉದ್ದನೆಯದೊಂದು ಬಟ್ಟೆಯ ಚೀಲ.

"ಇದೇನಲೇ, ಪುಂಗಿ ಊದಾಕ ಕಲ್ತಿ ಏನು?"

"ಮೀನ ಹಿಡ್ಯೂ ಕೋಲು, ಅಕ್ಕ. ಇಂಗ್ಲೆಂಡಿನಿಂದ ಇವತ್ತ ಬಂತು." ಹೇಳಿ ನೆಲ ನೋಡಿದ. "ಕಾಕಾಗ ಹೇಳಬ್ಯಾಡ."

ನಮ್ಮ ಮನೆಯಲ್ಲಿ ಮೀನಿನ ಹೆಸರನ್ನು ಊಟದ ಹೊತ್ತಿನಲ್ಲಿ ಎತ್ತುವುದೂ ಇಲ್ಲ. ನಾನು ಬೈಯಲು ಬಾಯಿ ತೆರೆದೆ. ಆದರೆ ಅವನು ಚೀಲದಿಂದ ಕೋಲು ತೆಗೆದು, ಎರಡು ತುಂಡು ಜೋಡಿಸಿ, ತುದಿ ನಡುಗಿಸಿ ತೋರಿಸಿದಾಗ ಅವನ ಮುಖದ ಮೇಲೆ ಬಂದ ಬೆಳಕನ್ನು ಕಂಡು ಸುಮ್ಮನಾದೆ. ಹುಡುಗನಾಗಿದ್ದಾಗ ಗಾಳಿಪಟ ಹಾರಿಸುವ ದಿನ ಹೀಗೇ ಇರುತ್ತಿದ್ದ.

"ಇನ್ನ ಇದಕ್ಕ ತಕ್ಕ ಲೈನ್ ಬೇಕು ಅಕ್ಕ," ಎಂದ. "ಕೋಲು ಐದನೇ ನಂಬರಿಂದು. ಹಗುರ ಐತಿ, ಲೈನೂ ಹಗುರ ಬೇಕು. ಅದಕ್ಕ ಹೊಂದದ್ದ ಹಾಕಿದ್ರ ಕೋಲ ಇದ್ದೂ ಇಲ್ಲದಂಗ."

"ಲೈನ್ ಅಂದ್ರ ಎಳಿ ಹೌದಲ್ಲೋ? ಎಳಿ ವಿಷಯ ನನಗ ಬಿಡು."

ಮರುದಿನ ಅವನಿಗೆ ಯಾವುದೋ ಸರಕಾರಿ ಕಚೇರಿಯಲ್ಲಿ ಕೆಲಸವಿತ್ತು. ಏನು ಕೆಲಸ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂಗಡಿಯ ಬಾಗಿಲಿಗೆ ನನ್ನನ್ನು ಬಿಟ್ಟು ಹೋದ.

ಆ ಬಜಾರದ ಬೀದಿ ನೋಡಿ ನನಗೆ ಗದಗಿನ ಪೇಟೆಯೇ ಸಮುದ್ರ ದಾಟಿ ಬಂದಿದೆ ಅನ್ನಿಸಿತು. ಸಾಲು ಸಾಲು ಗುಜರಾತಿ ಅಂಗಡಿಗಳು. ನಾನು ಹೊಕ್ಕ ಅಂಗಡಿಯ ಶೇಠ್ ಜೈನ, ಹಾಕಿ ಕೋಲು, ಫುಟ್‌ಬಾಲುಗಳ ನಡುವೆ ಮೀನು ಹಿಡಿಯುವ ಸಾಮಾನೂ ಮಾರುತ್ತಿದ್ದ. ಅವನು ಮೀನು ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ. ಇಬ್ಬರೂ ಬಲು ಗಂಭೀರವಾಗಿ ವ್ಯಾಪಾರಕ್ಕೆ ಕುಳಿತೆವು.

"ಬೆನ್, ನಂಬರ್ ಬೋಲೋ," ಎಂದ ಹಿಂದಿಯಲ್ಲಿ. ಬೆನ್ ಎಂದರೆ ಅವರಲ್ಲಿ ಅಕ್ಕ.

ಐದು ಎಂದೆ. ಐದು ಇರಲಿಲ್ಲ. ಮಾಲು ಬರುವುದೇ ಕಷ್ಟವಾಗಿದೆಯಂತೆ, ಇದ್ದದ್ದು ನಾಲ್ಕು ಮತ್ತು ಏಳು. ಎರಡೂ ಮುದ್ರೆ ಹಾಕಿದ ಡಬ್ಬಿಯಲ್ಲಿದ್ದವು. ಮುದ್ರೆ ಒಡೆದರೆ ಕೊಂಡ ಹಾಗೆ, ತೆರೆದು ತೋರಿಸುವುದಿಲ್ಲ ಎಂದ.

ನನಗೆ ತೆರೆದು ನೋಡುವ ಗರಜೇ ಇರಲಿಲ್ಲ. ನೂಲಿನ ಅಂಗಡಿಯಲ್ಲಿ ಕೂದಲು ಹಣ್ಣಾದವಳು ನಾನು. ನಲವತ್ತರ ನೂಲಿಗಿಂತ ಅರವತ್ತರದು ಸಣ್ಣ, ಅರವತ್ತಕ್ಕಿಂತ ಎಂಬತ್ತರದು ಸಣ್ಣ. ನಂಬರು ಏರಿದಷ್ಟೂ ಎಳೆ ತೆಳ್ಳಗೆ, ಹಗುರ. ಇದು ಬೆಟಗೇರಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ತಮ್ಮನಿಗೆ ಬೇಕಾದದ್ದು ಹಗುರ ಎಳೆ. ನಾಲ್ಕು ಅಂದರೆ ಐದಕ್ಕಿಂತ ದಪ್ಪ, ಹಗ್ಗದಂಥದ್ದು. ಏಳು ಅಂದರೆ ರೇಷ್ಮೆ! ಏಳು ಕೊಡು ಎಂದೆ. ಶೇಠ್ ಪಾಪ, "ನಾಲ್ಕು ಹತ್ತಿರವಲ್ಲವೇ ಬೆನ್?" ಎಂದು ಒಮ್ಮೆ ಕೇಳಿದ. ಎಳೆಯ ವಿಷಯ ನನಗೆ ಹೇಳಿಕೊಡಬೇಡ ಎಂದು ಅವನ ಬಾಯಿ ಮುಚ್ಚಿಸಿದೆ. ಚೌಕಾಶಿ ಮಾಡಿದೆ, ಕೊಸರು ಕೇಳಿದೆ. ಕೊಸರಿಗೆ ಅವನು ಒಂದು ಫುಟ್‌ಬಾಲ್ ಸೀಟಿ ಕೊಟ್ಟ.

ಸಂಜೆ ಡಬ್ಬಿಯನ್ನು ಮಲ್ಲುವಿನ ಕೈಗಿಟ್ಟು ನನ್ನ ತರ್ಕವನ್ನೆಲ್ಲ ವಿವರಿಸಿದೆ. ಅವನು ಡಬ್ಬಿ ನೋಡಿದ, ನನ್ನ ಮುಖ ನೋಡಿದ.

"ಛಲೋ ಆತ ಅಕ್ಕ," ಎಂದ.

ನ್ಯೇರಿಯ ದಾರಿ

ನೈರೋಬಿಯಿಂದ ನ್ಯೇರಿಗೆ ಬೇರೆ ಪ್ರಯಾಣಿಕರ ಜೊತೆ ಬಾಡಿಗೆ ಕಾರಿನಲ್ಲಿ ಹೋದೆವು. ಒಂದು ಕಾರಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ವಿಷಯದಲ್ಲಿ ಆ ದೇಶಕ್ಕೂ ನಮಗೂ ಭೇದವಿಲ್ಲ. ಹತ್ತಿದವರೆಲ್ಲ ಒಬ್ಬರಿಗೊಬ್ಬರು ಕೈ ಕುಲುಕಿ ಮನೆ ಮಠ, ಮಳೆ ಬೆಳೆ ವಿಚಾರಿಸಿಕೊಂಡರು. ನಡುವೆ ರಸ್ತೆ ಕೆಟ್ಟು, ಡ್ರೈವರು ಹೊಲದ ಬದಿಗೆ ಇಳಿಸಿದ. ಇಳಿದದ್ದೇ ಚಕ್ರ ಹೂತಿತು. ಕೆಳಗೆ ನೋಡುತ್ತೇನೆ, ಕಪ್ಪು ಎರೆ ಮಣ್ಣು! ಗದಗಿನ ಹತ್ತಿರದ ನಮ್ಮ ಹೊಂಬಳದ ಎರೆ ಹೊಲವನ್ನು ಯಾರೋ ಹಾಸಿಗೆಯ ಹಾಗೆ ಸುತ್ತಿ ತಂದು ಅಲ್ಲಿ ಬಿಡಿಸಿದಂತಿತ್ತು. ನನಗೆ ಉಮೇದು ಬಂತು. ಎರೆ ನನಗೆ ಗೊತ್ತಿಲ್ಲವೆ? ಗಾಡಿ ರೊಂಯ್ಯೆನಿಸಬೇಡಿ, ಚಕ್ರದ ಕೆಳಗೆ ಕಂಟಿ ಕಡಿದು ಹಾಕಿ ಎಂದು ಕನ್ನಡದಲ್ಲೇ ಹುಕುಂ ಮಾಡುತ್ತ ಕೆಳಗೆ ಧುಮುಕಿದೆ. ಕಾರು ಮೇಲೆ ಬಂತು. ನನ್ನ ಒಂದು ಚಪ್ಪಲಿ ಮಾತ್ರ ಬರಲಿಲ್ಲ. ಎಷ್ಟು ಕೆದಕಿದರೂ ಆ ಮಣ್ಣು ಅದನ್ನು ಬಿಟ್ಟುಕೊಡಲಿಲ್ಲ.

ತಮ್ಮನ ಮನೆಯನ್ನು ಒಂದೇ ಚಪ್ಪಲಿಯಲ್ಲಿ ಪ್ರವೇಶಿಸಿದೆ.

ನ್ಯೇರಿ ತಂಪು ಊರು. ಕೆಂಪು ನೆಲ, ಕಾಫಿ ತೋಟ, ಬೆಳಿಗ್ಗೆ ಬೇಗ ಎದ್ದರೆ ಆಚೆ ಬೆಟ್ಟದ ತಲೆಯ ಮೇಲೆ ಬೆಳ್ಳಗೆ ಹಿಮ. ಹೆಂಗಸರು ಕಟ್ಟಿಗೆ ಹೊರೆಯನ್ನು ಬೆನ್ನಿಗೆ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ನಡೆಯುತ್ತಾರೆ. ನಮ್ಮವರು ನೆತ್ತಿಯ ಮೇಲೆ ಹೊರುತ್ತಾರೆ. ಎಲ್ಲಿ ಹೋದರೂ ಹೊರುವವರು ಹೆಂಗಸರೇ, ಜಾಗ ಮಾತ್ರ ಬೇರೆ. ಅವರ ಊಟ ಮೆಕ್ಕೆಜೋಳದ ಸಂಗಟಿ, ಅಂದರೆ ಮುದ್ದೆ. ನಮ್ಮದರ ಅಕ್ಕ ತಂಗಿಯೇ, ಆದರೆ ಉಪ್ಪು ಹಾಕಲು ಮರೆತಿರುತ್ತಾರೆ.

ಹೊಳೆ: ಮೊದಲ ಶನಿವಾರ

ಶನಿವಾರ ಮಲ್ಲು ಹೊಳೆಗೆ ಹೊರಟ. ನಾನೂ ಬರುತ್ತೇನೆಂದೆ. ದಾರಿ ಜಾರುತ್ತದೆ, ಬೇಡ ಅಂದ.

"ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನಲೇ?" ಎಂದು ಅವನ ಮುಂದೆಯೇ ನಡೆದೆ.

ಹೊಳೆ ಎಂದರೆ ಮುಂಡರಗಿಯ ಕಡೆ ಹರಿಯುವ ನಮ್ಮ ತುಂಗಭದ್ರೆಯನ್ನು ನೆನೆಸಿಕೊಳ್ಳಬೇಡಿ. ಇದು ಬೆಟ್ಟದಿಂದ ಇಳಿಯುವ ಸಣ್ಣ ನೀರು, ಹಿಮದಷ್ಟು ತಣ್ಣಗೆ, ತಳದ ಕಲ್ಲು ಕಾಣುವಷ್ಟು ತಿಳಿ. ಅದರಲ್ಲಿ ಚುಕ್ಕೆ ಚುಕ್ಕೆಯ ಟ್ರೌಟ್ ಎಂಬ ಮೀನು. ಬಲು ಅಂಜುಬುರುಕ, ನೆರಳು ಬಿದ್ದರೆ ಮಾಯ. ತುಂಗಭದ್ರೆಯಲ್ಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಬೀಸಿ ಒಗೆಯುತ್ತಾರೆ. ಇಲ್ಲಿ ಸೀಸವೂ ಇಲ್ಲ, ಹುಳವೂ ಇಲ್ಲ. ಪುಕ್ಕ ಮತ್ತು ದಾರ ಸುತ್ತಿ ನೊಣದ ಹಾಗೆ ಮಾಡಿದ ಸಣ್ಣ ಗಾಳ. ನೊಣ ಬಂದು ಕೂತಷ್ಟೇ ಹಗುರಾಗಿ ಅದು ನೀರಿನ ಮೇಲೆ ಇಳಿಯಬೇಕಂತೆ.

"ಹಿಡದು ಏನ ಮಾಡ್ತಿ?" ಎಂದು ಕೇಳಿದೆ.

"ಒಮ್ಮೊಮ್ಮೆ ಕರಿಯುಕಿಗೆ ಕೊಡ್ತೀನಿ. ಇಲ್ಲಂದ್ರ ಬಿಟ್ಟಬಿಡ್ತೀನಿ."

"ಬಿಡಾಕ ಹಿಡೀತಿ? ಎಂಥಾ ಹುಚ್ಚೋ ಮಾರಾಯಾ!"

ಕರಿಯುಕಿ ಎಂದರೆ ಅದೇ ಶಾಲೆಯಲ್ಲಿ ಬಡಗಿ ಕೆಲಸ ಕಲಿಸುವ ಮಾಸ್ತರ, ಮಲ್ಲುವಿಗೆ ಈ ಹುಚ್ಚು ಹಿಡಿಸಿದವ. ಆ ದಿನ ಅವನು ಬಂದಿರಲಿಲ್ಲ.

ಮಲ್ಲು ಕೋಲು ಬೀಸಿದ. ಕೋಲು ಬಳುಕಿ ಬಿಲ್ಲಾಯಿತು, ಎಳೆ ತಲೆಯ ಮೇಲಿಂದ ಹೋಗಿ ಧಪ್ ಎಂದು ಬಿತ್ತು, ಹೊಂಬಳದ ಹಳ್ಳಕ್ಕೆ ಎಮ್ಮೆ ಇಳಿದ ಹಾಗೆ. ಮತ್ತೆ ಬೀಸಿದ, ಮತ್ತೆ ಧಪ್. ಮಧ್ಯಾಹ್ನದ ಹೊತ್ತಿಗೆ ಆ ಹೊಳೆಯಲ್ಲಿ ಮೀನು ಇದ್ದ ಕುರುಹೇ ಉಳಿಯಲಿಲ್ಲ.

"ಯಾಕೋ, ಎಳಿ ಸರಿ ಇಲ್ಲೇನು?"

"ಎಳಿ ಛಲೋ ಐತಿ ಅಕ್ಕ. ನನಗ ರೂಢಿ ತಪ್ಪೇತಿ."

ಆ ವಾರವಿಡೀ ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ಬೀಸಿ ಬೀಸಿ ಬಂದ. ಮಣಿಕಟ್ಟು ಬಾತುಕೊಂಡಿತು, ನಾನು ಅರಿಶಿನ ಕಾಯಿಸಿ ಹಚ್ಚಿದೆ. ಊರಿಗೆ ಯಾವಾಗ ಹೊರಡೋಣ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವನೂ ಆ ವಿಷಯ ಎತ್ತಲಿಲ್ಲ. ಇಬ್ಬರೂ ಮೀನಿನ ಮಾತೇ ಆಡಿದೆವು.

ಹೊಳೆ: ಎರಡನೆಯ ಶನಿವಾರ

ಈ ಸಲ ಕರಿಯುಕಿ ಬಂದ. ನರೆತ ತಲೆ, ನಿಧಾನದ ಮಾತು. ನನ್ನ ಕೈ ಹಿಡಿದು ಕುಲುಕಿದವ ಬಿಡಲೇ ಇಲ್ಲ. ನಮ್ಮೂರಲ್ಲಿ ಮಳೆ ಹೇಗೆ, ದನಕರು ಹೇಗೆ, ಮನೆಯಲ್ಲಿ ಹಿರಿಯರು ಹೇಗೆ ಎಂದೆಲ್ಲ ಕೇಳಿದ, ಮಲ್ಲು ಕನ್ನಡಕ್ಕೆ ತಿರುಗಿಸಿದ. ನಮ್ಮ ಕಡೆಯ ಹರ್ತಿ ಊರಿನ ಕಟ್ಟೆಯ ಮೇಲಿನ ಹಿರಿಯರ ನೆನಪಾಯಿತು. ಕೆಲಸಕ್ಕೆ ಮೊದಲು ಮನುಷ್ಯರನ್ನು ವಿಚಾರಿಸುವವರು ನನಗೆ ಸೇರುತ್ತಾರೆ.

ಆಮೇಲೆ ಹೊಸ ಕೋಲು ಕೈಗೆ ತೆಗೆದುಕೊಂಡು ಒಂದೇ ಸಲ ಬೀಸಿದ. ನಿಲ್ಲಿಸಿದ. ಎಳೆಯನ್ನು ಬೆರಳಲ್ಲಿ ಹೊಸಕಿ, ಡಬ್ಬಿ ಎಲ್ಲಿ ಎಂದು ಕೇಳಿದ. ಡಬ್ಬಿ ನನ್ನ ಚೀಲದಲ್ಲೇ ಇತ್ತು, ಗಟ್ಟಿ ಡಬ್ಬಿಯನ್ನು ಎಸೆಯುವ ಪೈಕಿ ನಾವಲ್ಲ. ಮಲ್ಲು ನನಗೆ ಕಣ್ಸನ್ನೆ ಮಾಡುವಷ್ಟರಲ್ಲಿ ಅದನ್ನು ಕೊಟ್ಟುಬಿಟ್ಟಿದ್ದೆ. ಕರಿಯುಕಿ ಡಬ್ಬಿಯ ಮೇಲಿನ ಏಳನ್ನು ನೋಡಿದ, ಕೋಲಿನ ಹಿಡಿಯ ಮೇಲೆ ಬರೆದ ಐದನ್ನು ನೋಡಿದ, ನಗಲು ಶುರು ಮಾಡಿದ. ನಕ್ಕು ನಕ್ಕು ಕಲ್ಲಿನ ಮೇಲೆ ಕುಳಿತ.

"ಯಾಕ ನಗತಾನ?"

ಮಲ್ಲು ಬಾಗಿ ಬೂಟಿನ ದಾರ ಬಿಗಿಯತೊಡಗಿದ.

"ಮಲ್ಲೂ, ನಿನ್ನ ಕೇಳಾಕತ್ತೀನಿ."

"ಅಕ್ಕ, ಇದರಾಗ ಗಾಳಕ್ಕ ತೂಕ ಇರೂದಿಲ್ಲ, ಎಳೀ ತೂಕಾನ ಅದನ್ನ ದೂರ ಒಯ್ಯತೈತಿ. ಅದಕ್ಕ ಆ ನಂಬರು ತೂಕದ್ದು. ನಂಬರ ಏರಿದಂಗ ಎಳಿ ಭಾರ ಆಕ್ಕೈತಿ. ನಮ್ಮ ನೂಲಿನ ಲೆಕ್ಕಕ್ಕ ಪೂರಾ ಉಲ್ಟಾ."

"ಅಂದ್ರ ನಾಲ್ಕ ತಂದಿದ್ರ ನಡೀತಿತ್ತೇನು?"

"ಒಂದೀಟು ನಡೀತಿತ್ತು."

"ನಿನಗ ಮೊದಲ ಗೊತ್ತಿತ್ತು?"

"ಡಬ್ಬಿ ನೋಡಿದ ಕೂಡಲೆ ಗೊತ್ತಾತು. ನೀ ಅಷ್ಟ ಖುಷಿಲೆ ತಂದಿದ್ದಿ."

ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ.

"ಅಲ್ಲಲೇ ಮಂಗ್ಯಾ, ವಾರಪೂರ್ತಿ ನೀರಾಗ ಕಲ್ಲ ಒಗದಂಗ ಒಗದು, ಕೈ ಊದಿಸಿಕೊಂಡು, ಮ್ಯಾಲ ನನಗ 'ಎಳಿ ಛಲೋ ಐತಿ' ಅಂದಿ! ತಪ್ಪಾಗೇತಿ ಅನ್ನಾಕ ಬಾಯಾಗ ಕಡಬ ಇತ್ತೇನು? ಇನ್ನೂ ಏನೇನ ಮುಚ್ಚಿಟ್ಟೀಯಪ್ಪಾ ನನ್ನ ಮನಸ್ಸು ನೋಯತೈತಿ ಅಂತ?"

ಕಡೆಯದು ಸಿಟ್ಟಿನ ಭರದಲ್ಲಿ ಆಡಿದ ಮಾತು. ಆದರೆ ಮಲ್ಲು ಕರಿಯುಕಿಯ ಕೈಯಿಂದ ಕೋಲು ತೆಗೆದುಕೊಂಡು ಮೆಲ್ಲಗೆ ಹುಲ್ಲಿನ ಮೇಲೆ ಇಟ್ಟ.

"ನೈರೋಬಿಯಾಗ ಕಚೇರಿಗೆ ಹೋಗಿದ್ನೆಲ್ಲ ಅಕ್ಕ, ಇಲ್ಲೇ ಇನ್ನೂ ಇರಾಕ ಪರವಾನಗಿ ಕೇಳಾಕ ಹೋಗಿದ್ದೆ. ಸಿಕ್ಕೇತಿ. ನಾ ಬರೂದಿಲ್ಲ. ಆ ಅಂಗಡ್ಯಾಗ ಕುಂತ್ರ ನನಗ ಉಸರ ಕಟ್ಟತೈತಿ. ಸಣ್ಣಾಂವ ಇದ್ದಾಗಿಂದ ಹಂಗ. ನೀ ಇಷ್ಟ ದೂರ ಕರ್ಯಾಕ ಬಂದಿ, ಹೆಂಗ ಹೇಳಲಿ? ನನಗ ಅಂಗಡಿ ಬ್ಯಾಡ."

"ನನಗ ಬೇಕು," ಎಂದೆ.

ಅಷ್ಟು ದಿನ ಗಂಟಲಲ್ಲಿ ಕುಳಿತಿದ್ದ ಮಾತು. ಹೀಗೆ, ಹೊಳೆಯ ದಂಡೆಯ ಮೇಲೆ, ತಾನಾಗಿಯೇ ಹೊರಗೆ ಬಿತ್ತು.

"ಏನು?"

"ಅಂಗಡಿ. ನನಗ ಬೇಕು ಮಲ್ಲೂ. ಅದರಾಗ ನನ್ನ ಜೀವ ಐತಿ. ನೀ ಬಂದ್ರ ನಿನಗ, ನೀ ಬರಲಿಲ್ಲಂದ್ರ ಅಳಿಯಗ ಅಂತಾರ ಕಾಕಾ. ನಡುವ ಕುಂತಾಕಿ ಅವರ ಕಣ್ಣಿಗೆ ಕಾಣವಲ್ಲಳು."

ಮಲ್ಲು ನನ್ನನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. "ಅದು ನಿಂದ ಅಲ್ಲೇನು? ನಾ ಯಾವತ್ತ ನಂದು ಅಂದೆ?"

"ನೀ ಅನ್ನಲಿಲ್ಲ. ನಿಂದಲ್ಲ ಅಂತನೂ ಅನ್ನಲಿಲ್ಲ."

ಅಳು ಬಂತು, ಅತ್ತೆ. ಗಂಡ ಸತ್ತಾಗ ಜನರ ಎದುರು ಅತ್ತದ್ದು ಬಿಟ್ಟರೆ ಮತ್ತೆ ಹೀಗೆ ಅತ್ತಿರಲಿಲ್ಲ. ಆದರೆ ಇದು ದುಃಖದ ಅಳುವಲ್ಲ, ಎದೆಯ ಮೇಲಿನ ಬಂಡೆ ಉರುಳಿತ್ತು. ಕನ್ನಡ ಬಾರದ ಕರಿಯುಕಿ ಕಂಗಾಲಾದ. ತನ್ನ ನಗೆಯಿಂದಲೇ ಇಷ್ಟೆಲ್ಲ ಆಯಿತೆಂದುಕೊಂಡು, ಮಲ್ಲುವಿನ ಮೂಲಕ ನನಗೆ ಸಮಾಧಾನ ಹೇಳಿದ: ಕೆರೆಯಲ್ಲಿ ದೊಡ್ಡ ಮೀನು ಹಿಡಿಯಲು ತನ್ನ ಬಳಿ ಏಳನೇ ನಂಬರಿನ ಕೋಲಿದೆ, ಅಕ್ಕ ತಂದ ಎಳೆ ಅದಕ್ಕೆ ಹೇಳಿ ಮಾಡಿಸಿದಂತಿದೆ, ತನ್ನ ಐದರ ಎಳೆಯನ್ನು ಮಲ್ಲು ಇಟ್ಟುಕೊಳ್ಳಲಿ. ಹೇಳಿದವನೇ ತನ್ನ ರೀಲಿನಿಂದ ಎಳೆ ಬಿಚ್ಚತೊಡಗಿದ.

ಐದರ ಎಳೆ ಹಾಕಿ ಮಲ್ಲು ಬೀಸಿದ. ಹಿಂದಕ್ಕೆ ಹೋದ ಎಳೆ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು, ಮುಂದಕ್ಕೆ ಬಂದು, ನೀರಿನ ಮೇಲೆ ಮಲಗಿತು. ಸಪ್ಪಳವೇ ಇಲ್ಲ. ಹುಟ್ಟಿದಾಗಿನಿಂದ ಎಳೆ ನೋಡಿದವಳು ನಾನು, ಅಷ್ಟು ಚೆಂದಾಗಿ ಒಂದು ಎಳೆ ಹಾಸಿಕೊಂಡದ್ದನ್ನು ಕಂಡಿರಲಿಲ್ಲ.

ನ್ಯೇರಿಯ ಪೋಸ್ಟಾಫೀಸು

ಸೋಮವಾರ ಲಕ್ಷ್ಮೇಶ್ವರಕ್ಕೆ ಟ್ರಂಕ್ ಕಾಲ್ ಹಚ್ಚಿದೆವು, ಕಾಕಾನ ಮನೆ ಪಕ್ಕದ ದಲ್ಲಾಳಿ ಅಂಗಡಿಯ ನಂಬರಿಗೆ. ಕಾದು ಕಾದು ಸಾಕಾಗಿ, ಇನ್ನೇನು ಎದ್ದು ಹೋಗಬೇಕು ಎನ್ನುವಾಗ ಸಿಕ್ಕಿತು. ಅಷ್ಟು ದೂರಕ್ಕೆ ಫೋನಿನ ಸಹಾಯವಿಲ್ಲದೆಯೇ ಮುಟ್ಟಬೇಕು ಎಂಬಂತೆ ಮಲ್ಲು ಕೂಗಿದ.

"ಕಾಕಾ! ನಾ ಬರೂದಿಲ್ರಿ! ಅಂಗಡಿ ಅಕ್ಕಂದು! ಇನ್ನ ಮ್ಯಾಲ ಅದನ್ನ ಯಾರೂ ಕೇಳಬ್ಯಾಡ್ರಿ!"

ಸ್ಟಾಂಪಿಗೆ ನಿಂತಿದ್ದ ಜನರೆಲ್ಲ ತಿರುಗಿ ನೋಡಿದರು. ಆ ಕಡೆಯಿಂದ ಕಾಕಾನ ದನಿ ನನಗೂ ಕೇಳಿತು. "ಹುಚ್ಚರಂಗ ಮಾತಾಡಬ್ಯಾಡ. ವಿಚಾರ ಮಾಡು. ಅಕ್ಕನ ಜೋಡಿ ಬಾ, ನಾ ಸ್ಟೇಷನ್ನಿಗೆ ಬರ್ತೀನಿ." ಅಷ್ಟಕ್ಕೆ ಲೈನು ಕಡಿಯಿತು.

"ಹೇಳೂದು ಹೇಳೀನಿ ಅಕ್ಕ," ಎಂದ ಮಲ್ಲು, ಬೆವರು ಒರೆಸಿಕೊಳ್ಳುತ್ತ. "ಇನ್ನ ನೀ ಹೇಳಬೇಕು."

ಗದಗ ಸ್ಟೇಷನ್

ಸೊಲ್ಲಾಪುರದ ಗಾಡಿ ಬೆಳಿಗ್ಗೆ ಗದಗಿಗೆ ಬಂತು. ಕಾಕಾ ಬಂದಿದ್ದರು. ಜರಿಯ ರುಮಾಲು, ಇಸ್ತ್ರಿ ಕೋಟು, ಕೈಯಲ್ಲಿ ಸೇವಂತಿಗೆಯ ದಪ್ಪ ಮಾಲೆ. ಹಿಂದೆ ಬೆಟಗೇರಿಯ ನಾಲ್ಕಾರು ನೇಕಾರರು.

ನಾನು ಇಳಿದೆ. ಕಾಕಾ ನನ್ನನ್ನು ದಾಟಿ ಬಾಗಿಲ ಒಳಗೆ ನೋಡಿದರು. ಆ ರೈಲುಡಬ್ಬಿಯಿಂದ ಕಡೆಯ ಮನುಷ್ಯ ಇಳಿಯುವವರೆಗೂ ನೋಡಿದರು.

"ಅವ ಎಲ್ಲಿ?"

"ಅವ ಬರಲಿಲ್ರಿ ಕಾಕಾ. ನಾ ಬಂದೀನಿ."

ಕಾಕಾ ಮಾಲೆಯನ್ನು ಎಲ್ಲಿಡಬೇಕು ತಿಳಿಯದೆ ನಿಂತರು. ಗಂಡ ಸತ್ತ ಮೇಲೆ ನನ್ನ ಕೊರಳಿಗೆ ಹೂವು ಬಿದ್ದಿರಲಿಲ್ಲ. ಅದು ಅವರಿಗೂ ಗೊತ್ತು, ಹಿಂದೆ ನಿಂತವರಿಗೂ ಗೊತ್ತು. ನಾನು ಗಂಟನ್ನು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದೆ, ಕೊರಳು ಬಾಗಿಸಿದೆ.

"ಹಾಕ್ರಿ," ಎಂದೆ. "ಅಂಗಡಿ ಯಜಮಾನಿ ಬಂದಾಳ."

ಕಾಕಾನ ಚಪ್ಪಲಿಗಳು ಒಮ್ಮೆ ನೇಕಾರರ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿದವು. ಆಮೇಲೆ ಹೂವಿನ ತಂಪು ಕುತ್ತಿಗೆಗೆ ತಾಗಿತು.

ಅದನ್ನು ಸ್ಟೇಷನ್ನಿನಲ್ಲಿ ತೆಗೆಯಲಿಲ್ಲ, ಟಾಂಗಾದಲ್ಲಿ ತೆಗೆಯಲಿಲ್ಲ. ಪೇಟೆಯ ನಡುವೆ ಹಾಯ್ದು, ನೋಡುವವರು ನೋಡಲಿ ಎಂದು ನೆಟ್ಟಗೆ ಕುಳಿತು, ಬೆಟಗೇರಿಯಲ್ಲಿ ಮನೆಯ ಮುಂದೆ ಅಲ್ಲ, ಅಂಗಡಿಯ ಮುಂದೆ ಇಳಿದೆ.